ಕುಂಕುಮ ಹಚ್ಚಿದ ಬೀಗ

ರಾಯದುರ್ಗದ ಬಜಾರಿನಲ್ಲಿ ಅಡ್ಡಾದಿಡ್ಡಿ ನಿಲ್ಲುವ ಗಾಡಿಗಳ ಚಕ್ರಕ್ಕೆ ಹಾಕಲೆಂದು ಪೊಲೀಸರಿಗೆ ಕಬ್ಬಿಣದ ಬೀಗ ಕೊಡಿಸಿದ್ದು ವರ್ತಕರ ಸಂಘ. ಕೊಡುವ ದಿನ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, "ದೊಡ್ಡೋರು ಸಣ್ಣೋರು ಅಂತ ನೋಡಬ್ಯಾಡ್ರಿ, ಎಲ್ಲಾರಿಗೂ ಹಾಕ್ರಿ" ಎಂದು ಭಾಷಣ ಮಾಡಿದ್ದು ಸಂಘದ ಅಧ್ಯಕ್ಷ, ಬಟ್ಟೆ ಅಂಗಡಿಯ ಮರುಳಸಿದ್ದಪ್ಪ.

ಅದೇ ವಾರ ಬೀಗ ಅವನ ಕಾರಿಗೇ ಬಿತ್ತು. ಅದೇ ಬಾಯಿ ಈಗ ಕಾನ್‌ಸ್ಟೇಬಲ್ ರೇವತಿಯ ಮೇಲೆ ಹರಿಹಾಯ್ದಿತು.

"ನನ್ನ ಅಂಗಡಿ ಮುಂದ ನನ್ನ ಕಾರು ನಿಲ್ಲಿಸಾಕ ಯಾರನ್ನ ಕೇಳಬೇಕಮ್ಮ?"

ಸೇರಿದ ಜನವೆಲ್ಲ ಅವನ ಪರವೇ ಮಾತಾಡಿತು. "ಊರಿಗೆ ಹಿರೇರು, ಬಿಟ್ಟುಬಿಡಮ್ಮ."

ರೇವತಿ ಬೀಗ ತೆಗೆದಳು. ಅದನ್ನೇ ಒಯ್ದು ಹಿಂದೆ ನಿಂತಿದ್ದ ಲಗೇಜ್ ಆಟೋಕ್ಕೆ ಹಾಕಿದಳು. ಈ ಸಲ ಜನ ತುಟಿಪಿಟಕ್ಕೆನ್ನಲಿಲ್ಲ.

ಆಟೋದ ಸಣ್ಣತಿಮ್ಮಪ್ಪ ಮರುಳಸಿದ್ದಪ್ಪನ ಅಂಗಡಿಗೇ ಬಟ್ಟೆ ಮೂಟೆ ತಂದಿದ್ದ. ಸಿಟ್ಟಿನಲ್ಲಿ ಬೀಗಕ್ಕೆ ಒದೆಯಲು ಕಾಲೆತ್ತಿದವನು, ಇನ್ನೂ ಮಾಸದ ಕುಂಕುಮ ಕಂಡು ಕಾಲಿಳಿಸಿದ. "ಪೂಜೆ ಮಾಡ್ಯಾರ" ಎಂದು ಚಪ್ಪಲಿ ಬಿಟ್ಟು, ಬೀಗ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಮರುಳಸಿದ್ದಪ್ಪನಿಗೂ ಕೈಮುಗಿದ.

"ಸಾವ್ಕಾರ್ರ, ನಿಮ್ಮ ಮಾಲೇ ಐತ್ರಿ. ನನ್ನ ಪರವಾಗೂ ಒಂದು ಮಾತು ಹೇಳ್ರಿ."

ಮರುಳಸಿದ್ದಪ್ಪನ ಬಾಯಿಗೆ ಬಂದದ್ದು ಅಂದಿನ ಭಾಷಣದ ಮಾತೊಂದೇ. ಅದನ್ನು ನುಂಗಿಕೊಂಡು, ಯಾರ ಮುಖವನ್ನೂ ನೋಡದೆ ಹೋಗಿ ಕಾರು ಹತ್ತಿದ. ಹೊರಡುವ ಮುನ್ನ, ಹಿಂದಿನದನ್ನು ತೋರಿಸುವ ಕನ್ನಡಿಯನ್ನು ಕೈಯಿಂದ ಆಚೆ ತಿರುಗಿಸಿದ.