ಓದಿಕೊಡದ ಪುಟ

"ಗಟ್ಟಿಯಾಗಿ ಹಿಡ್ಕೊಳ್ಳಿ ಅಣ್ಣಾ, ಬೀಳಿಸ್ತೀರ," ಎಂದು ದರ್ಜಿಯ ಹೆಂಡತಿ ಪ್ರಾರ್ಥನೆಯ ಪುಸ್ತಕವನ್ನು ಪಕ್ಕದಂಗಡಿಯ ಬುಕ್ ಬೈಂಡರನ ಕೈಗೆ ತುರುಕಿದಳು. ನಡುಮನೆಯಲ್ಲಿ ದರ್ಜಿ ತಾನೇ ಹೊಲಿದಿಟ್ಟುಕೊಂಡಿದ್ದ ಬಿಳಿ ಅಂಗಿ ತೊಟ್ಟು ಮಲಗಿದ್ದ. ಹೊರಗೆ ಶವದ ಗಾಡಿ ಬಂದು ನಿಂತಿತ್ತು.

"ನಾನು ಬೇಡ ಅತ್ತಿಗೆ. ಬೇರೆ ಯಾರಾದ್ರೂ ಓದಲಿ."

"ಬೇರೆ ಯಾರು? ಆಸ್ಪತ್ರೆಯಲ್ಲಿ ದಿನಾ ಸಂಜೆ ನೀವೇ ಓದಿ ಹೇಳ್ತಿದ್ರಂತಲ್ಲ. ನಿಮ್ಮ ದನಿ ಕೇಳಿದ್ರೆ ನೋವು ಕಮ್ಮಿಯಾಗುತ್ತೆ ಅಂತಿದ್ರು ಇವ್ರು."

ಬಾಗಿಲ ಬಳಿ ನಿಂತಿದ್ದ ಇಸ್ತ್ರಿ ಅಂಗಡಿಯವನು ಮೂಗಿನ ಮೇಲೆ ಬೆರಳಿಟ್ಟ. "ನೀವಾ? ದೇವರ ಹೆಸರೆತ್ತಿದ್ರೆ ಮೈಮೇಲೆ ಬೀಳ್ತಿದ್ದ ನೀವಾ?"

"ಹೂಂ, ಇವರೇ," ಎಂದಳು ದರ್ಜಿಯ ಮಗಳು, ಕಣ್ಣೊರೆಸಿಕೊಳ್ಳುತ್ತ. "ಯಾರ ಮುಂದೂ ಹೇಳ್ಬೇಡಿ, ಅವನಿಗೆ ನಾಚಿಕೆ ಅಂದಿದ್ರು ಅಪ್ಪ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಬೈಂಡರನಿಗೆ. ಅವನು ಒಂದು ದಿನವೂ ಓದಿರಲಿಲ್ಲ.

*

ಮೂವತ್ತು ವರ್ಷ ಇಬ್ಬರ ಅಂಗಡಿಗಳಿಗೂ ನಡುವೆ ಒಂದೇ ಗೋಡೆ. ಇಬ್ಬರದೂ ಹೊಲಿಗೆಯ ಕೆಲಸವೇ. ಒಬ್ಬ ಬಟ್ಟೆ ಹೊಲಿದರೆ ಇನ್ನೊಬ್ಬ ಕಾಗದ ಹೊಲಿಯುತ್ತಿದ್ದ. ದೇವರ ಮಾತು ಬಂತೋ, ಎತ್ತು ಏರಿಗೆ, ಕೋಣ ನೀರಿಗೆ. ಎತ್ತು ಯಾರು, ಕೋಣ ಯಾರು ಎನ್ನುವುದಕ್ಕೂ ಜಗಳವಾಡಿ, ಒಂದೇ ಕಪ್ಪಿನ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು.

ಹೋದ ವಾರ ಆಸ್ಪತ್ರೆಯಲ್ಲಿ ದರ್ಜಿ ದಿಂಬಿನ ಕೆಳಗಿನಿಂದ ಪುಸ್ತಕ ಎಳೆದು ಕೊಟ್ಟಿದ್ದ.

"ಕಾಯಿಲೆಯವರ ಪ್ರಾರ್ಥನೆ ಒಂದಿದೆ, ಓದೋ. ಅಕ್ಷರ ಎಲ್ಲ ಕಲಸಿಹೋಗ್ತಿದೆ ನನಗೆ."

"ನಿನ್ನನ್ನ ಹೀಗೆ ಹಿಂಡ್ತಿರೋನನ್ನ ನಾನು ಹೊಗಳಬೇಕಾ? ಎಲ್ಲಿ ಹಾಳಾಗಿ ಹೋಗಿದ್ದಾನೆ ಅಂತ ಕೇಳು ಅವನನ್ನ."

"ಕೇಳೋಣ. ನೀನು ಓದು."

"ನಂಬದೆ ಓದಿದ್ರೆ ಸುಳ್ಳಾಗುತ್ತೆ ಕಣೋ."

"ನಿನ್ನ ನಂಬಿಕೆ ಯಾರಿಗೆ ಬೇಕೋ ಮೊಂಡ? ನಾನು ಕೇಳ್ತಿರೋದು ನಿನ್ನ ಕಣ್ಣು."

ಬೈಂಡರ್ ಪುಸ್ತಕ ಮುಟ್ಟಲಿಲ್ಲ. ಭೇಟಿಯ ಹೊತ್ತು ಮುಗಿಯಿತು ಎಂದು ಎದ್ದು ಬಂದ. ಇನ್ನೂ ಹತ್ತು ನಿಮಿಷವಿತ್ತು. ಮೆಟ್ಟಿಲಿಳಿಯುವಾಗ ವಾದದಲ್ಲಿ ಗೆದ್ದೆನೆಂದು ಅವನಿಗೆ ಖುಷಿಯೂ ಆಗಿತ್ತು.

*

"ಓದಿ ಅಣ್ಣಾ, ಹೊತ್ತಾಯ್ತು. ಇವ್ರು ದಾರ ಇಟ್ಟಿರೋ ಪುಟ."

ಬಂದವರೆಲ್ಲ ಎದ್ದು ನಿಂತರು. ಬೈಂಡರ್ ಆ ಪುಟ ತೆರೆದ. ಅಕ್ಷರಗಳು ತಲೆಕೆಳಗಾಗಿದ್ದವು. ಒಂದು ಹಾಳೆ ತಿರುವಿದ, ಅದೂ ಹಾಗೆಯೇ. ಹದಿನಾರು ಪುಟಗಳ ಒಂದು ಇಡೀ ಕಟ್ಟು ಬುಡಮೇಲಾಗಿ ಹೊಲಿಗೆಯಾಗಿಹೋಗಿತ್ತು. ಹೊಲಿಗೆ ಅವನದೇ. ಹನ್ನೊಂದು ವರ್ಷದ ಹಿಂದೆ ಹಳೇ ರಟ್ಟು ಕಿತ್ತು, ಹೊಸದು ಹಾಕಿ ಕೊಟ್ಟಿದ್ದ. ಯಾವ ಪುಸ್ತಕವಾದರೂ ಸೂಜಿ ಚುಚ್ಚುವ ಮುನ್ನ ಎರಡು ಸಲ ಪುಟ ನೋಡುವವನು, ಇದರ ಒಂದು ಸಾಲನ್ನೂ ಓದಲಾರೆನೆಂಬ ಹಟದಲ್ಲಿ ರಸ್ತೆ ನೋಡುತ್ತ ಹೊಲಿದಿದ್ದ.

ಅವನು ಪುಟ ತಿರುವುತ್ತಲೇ ಇದ್ದುದನ್ನು ಕಂಡು ದರ್ಜಿಯ ಹೆಂಡತಿ ಹತ್ತಿರ ಬಂದಳು. "ಪುಸ್ತಕ ತಿರುಗಿಸಿ ಹಿಡ್ಕೊಳ್ಳಿ. ಇವ್ರೂ ಹಾಗೇ ಓದ್ತಿದ್ರು. ವಾಪಸ್ ಕೊಟ್ಟು ಸರಿ ಮಾಡಿಸ್ರೀ ಅಂದ್ರೆ, ಬೇಡ, ಅವನು ನೊಂದ್ಕೋತಾನೆ ಅಂತಿದ್ರು..." ಮಾತು ಅಲ್ಲೇ ನಿಂತಿತು. ಅವಳು ಅವನ ಮುಖ ನೋಡಿದಳು. "ನಿಮಗೆ ಗೊತ್ತಿರಲಿಲ್ವಾ?"

"ಓದಿಲ್ಲ ಅತ್ತಿಗೆ," ಎಂದ ಬೈಂಡರ್. "ಅವನು ಕೈ ಮುಗಿಯೋದೊಂದು ಬಿಟ್ಟು ಎಲ್ಲಾ ರೀತಿ ಕೇಳ್ಕೊಂಡ. ಒಂದು ದಿನಾನೂ ಓದಲಿಲ್ಲ ನಾನು. ನನ್ನ ಮಾನ ಉಳಿಸೋಕೆ ನಿಮ್ಮ ಹತ್ರ ಸುಳ್ಳು ಹೇಳಿದಾನೆ."

ಅವಳು ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡಳು. ಬೇರೆಯವರಿಗೆ ಕೊಡುತ್ತಾಳೆ ಎಂದುಕೊಂಡ. ಕೊಟ್ಟರೆ ಬದುಕಿಕೊಂಡೆ ಎಂದೂ ಅಂದುಕೊಂಡ. ಅವಳು ಅದನ್ನು ತಿರುಗಿಸಿ ಮತ್ತೆ ಅವನಿಗೇ ಕೊಟ್ಟಳು.

"ಎಲ್ಲಿ ಹೋದೆ ನೀನು?" ಎಂದು ಓದಿದ ಬೈಂಡರ್. ಆಸ್ಪತ್ರೆಯಲ್ಲಿ ತಾನೇ ಆಡಿದ್ದ ಮಾತಿನಂತೆ ಕೇಳಿಸಿತು. ದನಿ ತಗ್ಗಿಸಿ ಮುಂದಕ್ಕೆ ಓದಿದ. "ಕರೆದು ಕರೆದು ಗಂಟಲು ಒಣಗಿತು. ನನ್ನ ಮೂಳೆಗಳ ನೋವು ನಿನಗೆ ಕಾಣದೇ?"

ಹಿಂದೆ ನಿಂತವರು ಕೇಳಿಸುತ್ತಿಲ್ಲ ಎಂದರು. ಅವನು ದನಿ ಏರಿಸಲಿಲ್ಲ. ಮೊಣಕಾಲೂರಿ, ದರ್ಜಿಯ ಕಿವಿಯ ಹತ್ತಿರ ಬಾಗಿ, ಮತ್ತೆ ಮೊದಲಿನಿಂದ ಓದತೊಡಗಿದ. ಜನರ ಕಡೆಗಿದ್ದ ರಟ್ಟಿನ ಮೇಲೆ, ಅವನೇ ಒತ್ತಿದ್ದ ಬಂಗಾರದ ಅಕ್ಷರಗಳು ತಲೆಕೆಳಗಾಗಿ ನಡುಗುತ್ತಿದ್ದವು.