ಮಗ್ಗ ನಿಲ್ಲಿಸಿದ ಮನೆ

2025ರ ಮೇ 14, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ದೊಡ್ಡಬಳ್ಳಾಪುರದ ನೇಕಾರ ರಾಮಲಿಂಗಯ್ಯನವರ ಮನೆಯ ಹೊಸ್ತಿಲು ದಾಟಿದ ಶಶಿರೇಖಾ ಅವರಿಗೆ ಮೊದಲು ಗಮನಕ್ಕೆ ಬಂದದ್ದು ಅಲ್ಲಿನ ನಿಶ್ಶಬ್ದ.

ಅವರು ದೇವನಹಳ್ಳಿ ಕಡೆಯ ಒಂದು ವಸತಿ ಶಾಲೆಯ ವಿಜ್ಞಾನ ಶಿಕ್ಷಕಿ. ರಾಮಲಿಂಗಯ್ಯನವರ ಮಗಳು ಮೇಘನ ಎಂಟನೇ ತರಗತಿಗೆ ಆ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಿದ್ದಳು. ಆದರೆ ಶುಲ್ಕ ವಿನಾಯಿತಿಯ ಅರ್ಜಿ ಬಂದದ್ದು ಗಡುವು ಮುಗಿದು ಮೂರು ತಿಂಗಳಾದ ಮೇಲೆ. ಆಯ್ಕೆಯಾಗಿದ್ದ ಹುಡುಗಿಯೊಬ್ಬಳು ಬೇರೆ ಊರಿಗೆ ಹೋದದ್ದರಿಂದ ಒಂದೇ ಒಂದು ವಿನಾಯಿತಿ ಉಳಿದಿತ್ತು. ಮನೆ ನೋಡಿ ಬಂದು ಶಶಿರೇಖಾ ಏನು ಹೇಳುತ್ತಾರೋ ಅದೇ ಅಂತಿಮ. ವಿನಾಯಿತಿ ಸಿಗದಿದ್ದರೆ ಮೇಘನಳಿಗೆ ಆ ಶಾಲೆಯೂ ಇಲ್ಲ.

“ಯಾಕೆ ಇಷ್ಟು ತಡ ಮಾಡಿದ್ರಿ?”

“ಆಗಿನ್ನೂ ಸೀಟೇ ಸಿಕ್ಕಿರ್ಲಿಲ್ಲ, ದುಡ್ಡು ಬಿಡಿ ಅಂತ ಹೆಂಗ್ ಕೇಳೋದು ಮೇಡಂ?” ಎಂದರು ರಾಮಲಿಂಗಯ್ಯ. “ಹೆಣ್ಣು ನೋಡೋಕ್ ಮುಂಚೇನೇ ಛತ್ರದೋರತ್ರ ಚೌಕಾಸಿ ಮಾಡ್ದಂಗಾಗಲ್ವಾ?”

“ಸುಮ್ನಿರ್ರೀ, ನಿಮ್ಮ ನಾಚ್ಕೆ ಮಗಳ ಕುತ್ತಿಗೆಗೆ ಬಂತು,” ಎನ್ನುತ್ತ ಹೆಂಡತಿ ಬನಶಂಕರಿ ಕಾಫಿ ಲೋಟ ಇಟ್ಟರು.

ಶಶಿರೇಖಾ ನಕ್ಕರು, ಆದರೆ ಮನಸ್ಸು ಹಗುರಾಗಲಿಲ್ಲ. ಬಡತನವೇನೋ ನಿಜ. ರೇಷ್ಮೆಯೆಲ್ಲ ಸಾಹುಕಾರರದು, ಇವರದು ಕೂಲಿ ಮಾತ್ರ. ಆದರೆ ಹಾಸ್ಟೆಲಿನ ಅಗತ್ಯವನ್ನೂ ತೋರಿಸಬೇಕೆಂಬುದು ಶಾಲೆಯ ನಿಯಮ. ಇಷ್ಟು ಶಾಂತವಾದ ಮನೆಯಲ್ಲೇ ಇದ್ದು, ಊರಿನ ಶಾಲೆಯಲ್ಲೇ ಓದಬಹುದಲ್ಲ?

“ಮಗ್ಗ ಎಲ್ಲಿಟ್ಟಿದ್ದೀರಿ?”

“ಈ ಬಾಗ್ಲಾಚೆ, ನಾಲ್ಕು ಕರೆಂಟ್ ಮಗ್ಗ ಇದೆ. ನೀವು ಬರ್ತೀರಂತ ನಿಲ್ಸಿದ್ವಿ. ಮನೆಗ್ ಬಂದೋರ ಮುಂದೆ ಮಗ್ಗ ಓಡಿಸಿದ್ರೆ, ಎದ್ದೋಗಿ ಅಂದಂಗೆ.”

“ದಿನಾ ಎಷ್ಟೊತ್ತು ಓಡತ್ತೆ?”

“ಬೆಳಗಿಂದ ಮಲಗೋವರೆಗೂ,” ಎಂದಳು ಮೇಘನ. “ಕರೆಂಟ್ ಹೋದಾಗ್ಲೇ ನಂಗೆ ಬಾಯಿಪಾಠ ಆಗೋದು ಮೇಡಂ.”

ಶಶಿರೇಖಾ ಲೋಟ ಕೆಳಗಿಟ್ಟರು. “ಓಡ್ಸಿ.”

“ಅಯ್ಯೋ, ಮಾತೇ ಕೇಳ್ಸಲ್ಲ. ಕಾಫಿ ಕುಡೀರಿ ಮೊದ್ಲು.”

“ಓಡ್ಸಿ ರಾಮಲಿಂಗಯ್ಯನವರೇ.”

ನಾಲ್ಕೂ ಮಗ್ಗಗಳು ಒಟ್ಟಿಗೆ ಎದ್ದವು. ನೆಲ ನಡುಗಿತು, ಕಾಫಿಯ ಮೇಲೆ ಉಂಗುರ ಉಂಗುರವಾಗಿ ಅಲೆಯೆದ್ದಿತು. ಮೇಘನ ಗೋಡೆ ಪಕ್ಕದ ಮೇಜಿಗೆ ಹೋಗಿ ಗಣಿತದ ಪುಸ್ತಕ ತೆರೆದಳು. ಒಮ್ಮೆ ತಲೆಯೆತ್ತಿ ಬರೀ ತುಟಿಯಲ್ಲಿ ಏನೋ ಕೇಳಿದಳು. ತಾಯಿ ಎರಡು ಬೆರಳೆತ್ತಿ ಉತ್ತರಿಸಿದರು. ಈ ಮನೆಯವರು ಮಾತನ್ನು ಕಿವಿಯಿಂದ ಕಣ್ಣಿಗೆ ಸಾಗಿಸಿಕೊಂಡು ಎಷ್ಟು ವರ್ಷವಾಗಿತ್ತೋ! ಮೇಜು ಅದುರುತ್ತಲೇ ಇತ್ತು. ಹುಡುಗಿ ಎಳೆದ ವೃತ್ತ ಮಾತ್ರ ಎಲ್ಲೂ ಸೊಟ್ಟಗಾಗಿರಲಿಲ್ಲ. ಏಕಾಗ್ರತೆಯನ್ನು ಹೀಗೆ ಕಸುಬಿನಂತೆ ಕಲಿತ ಮಗುವನ್ನು ಶಶಿರೇಖಾ ಕಂಡಿರಲಿಲ್ಲ. ತಮಗೆ ಅನುಕೂಲವಾಗಿದ್ದ ಒಂದೇ ಸಾಕ್ಷಿಯನ್ನು ಅತಿಥಿಯ ಮರ್ಯಾದೆಗೆಂದು, ಅದೂ ಕೂಲಿ ಬಿಟ್ಟು, ಮುಚ್ಚಿಟ್ಟ ಜನರನ್ನೂ ಕಂಡಿರಲಿಲ್ಲ.

ಅವರು ಅಲ್ಲಿಂದಲೇ ಪ್ರಾಂಶುಪಾಲ ಗೋವಿಂದರಾಜು ಅವರಿಗೆ ಫೋನ್ ಮಾಡಿದರು.

“ಏನ್ರೀ ಅದು, ರೈಲ್ವೆ ಸ್ಟೇಷನ್ನಾ?” ಪ್ರಾಂಶುಪಾಲರು ಕಿರುಚಿದರು.

“ಹುಡುಗಿ ಓದೋ ಜಾಗ ಸಾರ್!”

“ಏನು? ಆಚೆ ಬಂದು ಮಾತಾಡ್ರೀ!”

“ಓದೋಕೆ ಅವಳು ಆಚೆ ಬರೋ ಹಾಗಿದ್ರೆ ನಾನೂ ಬರ್ತಿದ್ದೆ. ವಿನಾಯಿತಿ ಇವಳಿಗೇ ಕೊಡಿ ಸಾರ್, ಪೂರ್ತಿ!”

“ಆಯ್ತು, ಕೊಟ್ಟೆ! ಕಾರಣ ಒಂದು ಸಾಲಲ್ಲಿ ಕಳ್ಸಿ!”

ಶಶಿರೇಖಾ ಮೊಬೈಲಿನಲ್ಲಿ ಶಬ್ದ ಅಳೆಯುವ, ಸಾಮಾನ್ಯ ಮಾತಿಗೆ ಅರವತ್ತರ ಸುಮಾರು ತೋರಿಸುವ ಆ್ಯಪ್ ತೆರೆದು, ಮೇಘನಳ ಪುಸ್ತಕದ ಪಕ್ಕ ಒಂದು ನಿಮಿಷ ಇಟ್ಟರು. ಆಮೇಲೆ ಬರೆದು ಕಳಿಸಿದರು: ಓದುವ ಮೇಜಿನ ಬಳಿ ಸರಾಸರಿ ಶಬ್ದ, 92 ಡೆಸಿಬೆಲ್.