ಗನ್ನಿಗೆ ಕಾಣದ ಜ್ವರ

ಒಮಾನಿನ ಗಡಿಯೂರು ಬುರೈಮಿಯಲ್ಲಿ ನನಗೆ ಗೊತ್ತಿಲ್ಲದ ಉಪಾಯ ಇನ್ನೂ ಹುಟ್ಟಿಲ್ಲ. ಗಡಿಯಾಚೆ ಯುಎಇಯ ಅಲ್ ಐನ್‌ಗೆ ಹೋಗಿಬರುವ ಲಾರಿಗಳ ಕಾಗದಪತ್ರ ನೋಡುವವನು ನಾನು; ನಾನು ರಜೆ ಹಾಕಿದರೆ ಎರಡೂ ದೇಶಗಳಲ್ಲಿ ಟೊಮೆಟೊ ಸಿಗುವುದಿಲ್ಲ. ಇಂಥ ನನ್ನ ಬಾಗಿಲನ್ನು ಕೊರೊನಾ ವರ್ಷದ ಒಂದು ಬೆಳಿಗ್ಗೆ ಮೇಲಿನ ಮನೆಯ ಚನ್ನಪ್ಪ ತಟ್ಟಿದ. ಬಾಗಲಕೋಟೆಯವನು, ಫ್ರೀಜರ್ ಲಾರಿಗಳ ಮೆಕ್ಯಾನಿಕ್. ಕೆಲಸ ಗಡಿಯಾಚೆಯ ಯಾರ್ಡಿನಲ್ಲಿ. ಮೈ ಎಂಥ ಸುಡುತ್ತಿತ್ತು ಎಂದರೆ, ಆ ಹಣೆಯ ಮೇಲೆ ನಾಲ್ಕು ಜನರಿಗೆ ದೋಸೆ ಹುಯ್ಯಬಹುದಿತ್ತು.

"ಸ್ಟೀಫನ್ ಸರ, ಚೆಕ್‌ಪೋಸ್ಟಿನ್ಯಾಗ ಹಣಿಗೆ ಜ್ವರ ನೋಡೂ ಗನ್ ಹಿಡಿತಾರಲ್ರೀ, ಅದನ್ನ ಪಾರು ಮಾಡೂದು ಹ್ಯಾಂಗ? ಕಚ್ಚಾ ಎಣ್ಣಿ ರೇಟ್ ಬಿದ್ದಾಗಿಂದ ನಮ್ಮ ಕಂಪನ್ಯಾಗ ಹನ್ನೊಂದು ಮಂದೀನ ಊರಿಗೆ ಕಳಿಸ್ಯಾರ. ಇವತ್ತ ಹೋಗಲಿಲ್ಲಂದ್ರ ಹನ್ನೆರಡನೇದಾಂವ ನಾನ."

"ಅಷ್ಟೇ ಅಲ್ವಾ ಮಾರಾಯಾ! ಎರಡು ಪ್ಯಾರಾಸಿಟಮಾಲ್ ನುಂಗು. ಕಾರಿನ ಎಸಿ ಫುಲ್ ಇಡು. ಹಣೆಗೆ ಐಸ್ ಬಟ್ಟೆ ಒತ್ತು. ಹೀಗೆ ಸಾವಿರ ಜನರನ್ನು ದಾಟಿಸಿದ್ದೇನೆ ನಾನು."

ಸಾವಿರವೇನು, ಒಬ್ಬನನ್ನೂ ದಾಟಿಸಿರಲಿಲ್ಲ.

ಒಳಗಿನಿಂದ ನನ್ನ ಹೆಂಡತಿ ಕ್ಯಾರೋಲಿನ್ ಬಂದಳು. ಕ್ಲಿನಿಕ್ಕಿನ ನರ್ಸ್. ತಾನು ಮಾಸ್ಕ್ ಏರಿಸಿ ನನ್ನ ಕಡೆಗೂ ಒಂದು ಎಸೆದಳು.

"ಬಾಯಿ ಮುಚ್ಚಿಕೊಳ್ಳಿ, ಎರಡು ರೀತಿಯಲ್ಲೂ! ಚನ್ನಪ್ಪಣ್ಣ, ಅಲ್ಲೇ ನಿಲ್ಲಿ. ಮಾತ್ರೆಗೆ ಮೈ ಬಿಸಿ ಇಳೀತದೆ, ರೋಗ ಹರಡೋದು ನಿಲ್ಲೂದಿಲ್ಲ. ಇವತ್ತು ಎಷ್ಟು ಲಾರಿ ಉಂಟು ನಿಮ್ಗೆ?"

"ಒಂಬತ್ತ್ರೀ ಅಕ್ಕಾರ."

"ಎಲ್ಲಿಗೆ ಹೋಗ್ತವೆ?"

"ಒಂದು ಸುವೈಕ್, ಎರಡು ಮಸ್ಕತ್, ಉಳಿದವು ದುಬೈ ಕಡೆ..." ಅವನು ತಾನಾಗಿ ಎರಡು ಹೆಜ್ಜೆ ಹಿಂದೆ ಸರಿದ. ಫ್ರೀಜರ್ ಪರೀಕ್ಷಿಸಲು ಒಂಬತ್ತು ಕ್ಯಾಬಿನ್ನುಗಳಲ್ಲಿ ಒಂಬತ್ತು ಡ್ರೈವರುಗಳ ಪಕ್ಕ ಕೂತು ಕೆಮ್ಮುವುದು ಕಣ್ಣಿಗೆ ಕಟ್ಟಿರಬೇಕು. ಆದರೂ ಕೊಸರಾಡಿದ: "ಬರೇ ನೆಗಡಿ ಇದ್ರ? ಟೆಸ್ಟ್ ಅಂತ ಹೋಗಿ ನೌಕರಿ ಕಳಕೊಳ್ಳೂದೇನ್ರೀ?"

"ನೆಗಡಿಯಾ ಅಲ್ವಾ ಅಂತ ಹೇಳ್ಲಿಕ್ಕೇ ಟೆಸ್ಟ್ ಇರೋದು!"

ಮೆಟ್ಟಿಲ ಮೇಲಿಂದ ಅವನ ತಾಯಿ ಈರವ್ವನ ಧ್ವನಿ ಬಂತು. ಮಗನ ಮನೆ ನೋಡಲು ಬಂದವಳು, ವಿಮಾನ ನಿಂತು ಇಲ್ಲೇ ಉಳಿದಿದ್ದಳು. ಉಬ್ಬಸದ ರೋಗಿ.

"ಏ ಚನ್ಯಾ! ಆ ಗನ್ನಿಗೆ ಕಾಣಲಿಲ್ಲಂದ್ರ ಮೈಯಾಗಿಂದ ಜ್ವರ ಹೋತೇನು? ನೌಕರಿ ಹೋದ್ರ ಇನ್ನೊಂದು ಹುಡುಕೋಣು. ಆ ಡ್ರೈವರಗೋಳ ಅವ್ವಂದಿರಿಗೆ ಏನ್ ಹೇಳ್ತಿ?"

ಚನ್ನಪ್ಪ ಅಲ್ಲೇ ನಿಂತು ಮ್ಯಾನೇಜರ್ ಬಾದುಶಾಗೆ ಫೋನ್ ಹಚ್ಚಿದ. "ಜ್ವರ ಇದೆ, ಗಡಿ ದಾಟುವುದಿಲ್ಲ, ಟೆಸ್ಟಿಗೆ ಹೊರಟಿದ್ದೇನೆ" ಎಂದು ಹಿಂದಿಯಲ್ಲಿ ಹೇಳಿದ. ಆ ಕಡೆಯಿಂದ "ರಿಪೋರ್ಟ್ ಭೇಜೋ," ಕಳಿಸು, ಅಷ್ಟೇ.

ರಿಪೋರ್ಟ್ ಪಾಸಿಟಿವ್ ಬಂತು. ಚನ್ನಪ್ಪ ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಈರವ್ವನಿಗೂ ನಮಗೂ ಪರೀಕ್ಷೆ ಆಯಿತು, ಯಾರಿಗೂ ಅಂಟಿರಲಿಲ್ಲ. ಈಗ ಅವನು ಗುಣವಾಗಿದ್ದಾನೆ. ಈ ತಿಂಗಳು ನೌಕರಿ ಉಳಿದಿದೆ, ಮುಂದಿನದು ಗೊತ್ತಿಲ್ಲ. "ಮತ್ತ ಜ್ವರ ಬಂದ್ರ ಮತ್ತ ಹಿಂಗಽ ಫೋನ್ ಮಾಡಾಂವ ನಾ" ಎನ್ನುತ್ತಾನೆ.

ಗಡಿಯಂಚಿನ ಅಣ್ಣಂದಿರೇ, ಅಕ್ಕಂದಿರೇ, ಜ್ವರ ಕೆಮ್ಮು ಇದ್ದ ದಿನ ಮಾತ್ರೆಯ ಬಲದಲ್ಲಿ ಚೆಕ್‌ಪೋಸ್ಟ್ ದಾಟಬೇಡಿ. ಮನೆಯವರಿಂದ ದೂರವಿರಿ, ಪರೀಕ್ಷೆ ಮಾಡಿಸಿ, ಯಾರ ಪಕ್ಕ ಕೂತಿದ್ದಿರಿ ಎಂದು ಮುಚ್ಚಿಡದೆ ಹೇಳಿ. ಕೆಲಸದ ಭಯವಿದ್ದರೆ ಅದನ್ನೂ ನೆರೆಯವರಿಗೆ ಹೇಳಿ. ನನ್ನಂಥವನು ಬಾಗಿಲಲ್ಲಿ ನಿಂತು ಉಪಾಯ ಹೇಳತೊಡಗಿದರೆ, ದಯವಿಟ್ಟು ಅವನ ಹೆಂಡತಿಯನ್ನು ಕರೆಯಿರಿ.